ಹೊಕ್ಕು ತಪ್ಪಿದ ಜಾಗ

ಮೊದಲು ಕಂಡದ್ದು ನನಗೇ.
ಡಾಕ್ಟರ್ ಬಾಯಿ ಇನ್ನೂ ಕನ್ನಡಕ ಒರೆಸುತ್ತಿದ್ದಳು.
ಬೆಳಕಿನ ಪೆಟ್ಟಿಗೆಯ ಮೇಲೆ ನನ್ನ ಮಗಳ ಮೊಣಕಾಲು, ಎರಡೂ,
ಹೊಗೆಯ ಎಳೆಯಲ್ಲಿ ನೇಯ್ದ ಹಾಗೆ.
ಕೀಲಿನ ಮೇಲೊಂದು, ಕೆಳಗೊಂದು
ಅಡ್ಡ ಪಟ್ಟಿ. ತೆಳ್ಳಗೆ, ಕಪ್ಪಗೆ.

'ಇಲ್ಲಿ ಹೊಕ್ಕು ತಪ್ಪೇತ್ರಿ' ಅಂದೆ.
ಅಕ್ಕಲಕೋಟ ರೋಡಿನ ಕಾರ್ಖಾನೆಯಲ್ಲಿ
ಇಪ್ಪತ್ತೆರಡು ವರ್ಷ ನಾಲ್ಕು ಮಗ್ಗ ಕಾದ ಕಣ್ಣು;
ಕಂಡಿಕೆ ತೀರಿದ ಲಾಳಿ ಬರಿದೇ ಓಡಿದ ಜಾಗ
ಅದಕ್ಕೆ ಗೊತ್ತು.
ಟವೆಲ್ಲಿನಲ್ಲಾದರೆ ಅಲ್ಲಿ ಬೆಳಕು ಸೋರುತ್ತದೆ.
ಇಲ್ಲಿ ಕತ್ತಲೆ ಸೋರಿತ್ತು.

ಅವಳು ಕನ್ನಡಕ ಹಾಕಿಕೊಂಡು
ನನ್ನನ್ನು ನೋಡಿದಳು, ಪಟವನ್ನಲ್ಲ.
'ಬಘಾ' ಅಂದಳು. ಮರಾಠಿ ಅಲ್ಲಿಗೇ ನಿಂತಿತು.
ಇಂಡಿಯ ತವರಿನ ಕನ್ನಡ ಹುಡುಕಿ ತೆಗೆದು
'ಮೊದಲ ರಕ್ತ ನೋಡೂಣ್ರಿ' ಅಂದಳು.

ಮೂರು ತಿಂಗಳು ಎಣ್ಣೆ ತಿಕ್ಕಿದ್ದೆವು.
'ಬೆಳಿಯೂ ಕೂಸು, ಎಲುಬು ಎಳೀತಾವ'
ಅಂದಿದ್ದಳು ಮೈಂದರ್ಗಿಯಿಂದ ಬಂದ ನಮ್ಮವ್ವ,
ಬಿಸಿ ಉಪ್ಪಿನ ಗಂಟು ಒತ್ತುತ್ತ.
ಆಟದ ತಾಸಿಗೆ ನೆಪ ಹೇಳುತ್ತಾಳೆಂದು
ಸಾಲಿಯ ಬಾಯಿ ವಹಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದಳು.
ನಾನೂ ಒಮ್ಮೆ, ರಾತ್ರಿಪಾಳಿಯಿಂದ ಬಂದವ,
ಸುಮ್ಮನಿರು ಅಂತ ಕೈ ಎತ್ತಿದ್ದೆ.
ಹೊಡೆಯಲಿಲ್ಲ.
ಆದರೆ ಆ ಕೈ ಇಳಿಸಿದ್ದು ನೆನಪಿಲ್ಲ.

ಸೊಂಟದ ಎಲುಬಿಗೆ ಸೂಜಿ ಹಾಕಿದ ದಿನ
ನಮ್ಮವ್ವ ಆ ರೋಗದ ಹೆಸರು ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ.
ನಾನು ಕೇಳಿದೆ:
'ಎಲುಬಿಗೂ ಬಂತಲ್ರಿ, ಇನ್ನ ಉಳೀತಾಳೇನ್ರಿ?'

'ಎಲುಬಿಗೆ ಬಂದದ್ದಲ್ಲ, ಅಲ್ಲೇ ಹುಟ್ಟಿದ್ದು.
ರಕ್ತ ಹುಟ್ಟೂ ಮನಿನೇ ಅದು.
ಆ ಗೆರಿ ನೋಡಿ ಆಯುಷ್ಯ ಹೇಳಾಕ ಬರೂದಿಲ್ಲ.
ಕೆಟ್ಟ ಗುರುತು ಅಂದವರದಾರ,
ಎಣಿಸಿ ನೋಡಿ, ಹಂಗೇನಿಲ್ಲ ಅಂದವರೂ ಅದಾರ.
ನಾ ನೋಡೂದು ವಯಸ್ಸು, ಬಿಳಿ ಕಣದ ಲೆಕ್ಕ,
ಮತ್ತ ಇಪ್ಪತ್ತೊಂಬತ್ತನೇ ದಿನದ ಮಜ್ಜೆ.'
ಆಮೇಲೆ ಮೆಲ್ಲಗೆ: 'ಹತ್ತರಾಗ ಎಂಟು.'

ಹತ್ತರಲ್ಲಿ ಎಂಟು.
ನಮ್ಮಲ್ಲಿ ಹತ್ತು ಟವೆಲ್ಲಿಗೆ ಎರಡು ಕೆಟ್ಟರೆ
ಮಾಲಕ ಇಡೀ ದಿನದ ಪಗಾರ ಹಿಡಿಯುತ್ತಾನೆ.

ಇಪ್ಪತ್ತೊಂಬತ್ತು ದಿನ.
ಗುಳಿಗೆಗೆ ಗಲ್ಲ ಊದಿ ರೇವಕ್ಕ ಬೇರೆ ಯಾರದೋ ಮಗಳಾದಳು.
ನಡುರಾತ್ರಿ ಎದ್ದು ಕಡಕ್ ಭಾಕರಿ, ಶೇಂಗಾ ಚಟ್ನಿ ಬೇಡಿದಳು,
ತಿಂದು ಮತ್ತೆ ಬೇಡಿದಳು.
ಕೂದಲು ದಿಂಬಿಗೆ ಅಂಟಿದಾಗ
ಕಾರ್ಖಾನೆ ತೆಗೆದಿಟ್ಟ ಟವೆಲ್ಲೊಂದು ತಂದು ತಲೆಗೆ ಸುತ್ತಿದೆ.
ಬೆರಳಾಡಿಸಿ ತಪ್ಪಿದ ಎಳೆ ಹುಡುಕಿ
'ಇಲ್ಲೈತಿ, ಅಪ್ಪಾ' ಅಂದಳು,
ಗೆದ್ದವಳ ಹಾಗೆ.

ಮಜ್ಜೆ ಸ್ವಚ್ಛ ಬಂತು.
'ಇದು ಆರಂಭ' ಅಂದಳು ಡಾಕ್ಟರ್ ಬಾಯಿ.
ನಾನು ಮುಗಿಯಿತೆಂದು ಪೇಡೆ ತಂದಿದ್ದೆ.

ಮೊನ್ನೆ, ಎರಡನೇ ವರ್ಷದ ಕೊನೆಗೆ,
ಜಾರಿ ಬಿದ್ದಳೆಂದು ಮತ್ತೆ ಪಟ ತೆಗೆದರು.
ಕಪ್ಪು ಪಟ್ಟಿ ಇಲ್ಲ.
ಕೀಲಿನಿಂದ ತುಸು ದೂರ
ಕೂದಲೆಳೆಯಂಥ ಬಿಳಿ ಗೆರೆ, ಒಂದರ ಹಿಂದೆ ಒಂದು, ಮೂರು.
'ಬೆಳೆಯೂದು ನಿಂತು ಮತ್ತ ಶುರು ಆದ ಗುರುತು' ಅಂದಳು.

ಅದೂ ನನಗೆ ಗೊತ್ತು.
ಕರೆಂಟು ಹೋಗಿ ಬಂದಾಗ
ಮಗ್ಗದ ಮೊದಲ ಹೊಡೆತ ಬಿಗಿ ಬೀಳುತ್ತದೆ,
ಬಟ್ಟೆಯಲ್ಲಿ ದಪ್ಪ ಗೆರೆ ಉಳಿಯುತ್ತದೆ,
ಗಿರಾಕಿ ಹಿಂದಕ್ಕೆ ಕಳಿಸುತ್ತಾನೆ.
ನಾನು ಆ ಮೂರನ್ನೂ ಬೆರಳಿಟ್ಟು ಎಣಿಸಿದೆ,
ಮೇಲಿಂದ ಕೆಳಗೆ, ಕೆಳಗಿಂದ ಮೇಲೆ.

ಇನ್ನೂ ಐದು ವರ್ಷ ಬರುತ್ತಿರಬೇಕಂತೆ.
ಗುಣ ಆಯಿತೇ ಅಂತ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಇವತ್ತು ಎರಡನೇ ಪಾಳಿ. ಈಗಷ್ಟೇ ಕರೆಂಟು ಹೋಯಿತು.
ಅರವತ್ತು ಮಗ್ಗ ಒಮ್ಮೆಲೇ ಸುಮ್ಮನಾದರೆ
ಕಿವಿಯಲ್ಲಿ ರಕ್ತದ ಸದ್ದು ಕೇಳುತ್ತದೆ.
ಕತ್ತಲಲ್ಲಿ ಯಾರೋ ಬೀಡಿ ಹಚ್ಚಿದರು, ಯಾರೋ ಬೈದರು.
ಹಿಡಿಕೆಯ ಮೇಲೆ ಕೈಯಿಟ್ಟು ನಿಂತಿದ್ದೇವೆ.
ಮನೆಗೆ ಯಾರೂ ಹೋಗುವುದಿಲ್ಲ.